ಕೆಳಗಿನ ಭಾರ ಅತ್ತಿಗೆಯದೇ

ಬೀದಿದೀಪಗಳು ಇನ್ನೂ ಆರಿಲ್ಲ. ಲಿಫ್ಟ್ ಇಲ್ಲದ ಐದು ಅಂತಸ್ತಿನ ಕಟ್ಟಡ. ಮೆಟ್ಟಿಲ ಬುಡದಲ್ಲಿ ಒಂದು ಫ್ರಿಜ್, ಅದರ ಪಕ್ಕ ಇಬ್ಬರು ಹೆಂಗಸರು, ಅವರ ಬಗ್ಗೆ ಬರೆಯಲು ಬಂದ ನಾನು. ಒಬ್ಬರು ಅಗಲವಾದ ಕ್ಯಾನ್ವಾಸ್ ಪಟ್ಟಿಯನ್ನು ಹೆಗಲಿಗೆ ಏರಿಸಿಕೊಳ್ಳುತ್ತಿದ್ದಾರೆ. ಇನ್ನೊಬ್ಬರು ಅವರ ಬಲ ಮಂಡಿಯನ್ನೇ ನೋಡುತ್ತ, ಇವತ್ತೊಂದಿನ ಕೆಳಗಿನ ತುದಿಗೆ ನಾನು ಬರಲೇ ಎಂದು ಕೇಳುತ್ತಾರೆ. ಮೊದಲನೆಯವರು ಫ್ರಿಜ್ಜಿನ ಬುಡಕ್ಕೆ ಹೋಗಿ ಕೈ ಹಾಕುತ್ತಾರೆ. ಮಂಡಿಯ ಶಸ್ತ್ರಚಿಕಿತ್ಸೆಯಾದ ಮೇಲೆ ಅವರು ಭಾರ ಎತ್ತುತ್ತಿರುವುದು ಇದೇ ಮೊದಲು. ಮಂಡಿ ತಾಳಿದರೆ ಅವರಿಗೆ ಮೆಟ್ಟಿಲ ಕೆಲಸ ಉಳಿಯುತ್ತದೆ, ತಾಳದಿದ್ದರೆ ಇಲ್ಲ.

ಮನೆ ಬದಲಿಸುವವರ ಸಾಮಾನು ಹೊತ್ತು ಮಹಡಿ ಹತ್ತಿಸುವುದು ಇವರ ಕಸುಬು. ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಲಾರಿ ಡ್ರೈವರಿನಿಂದ ಮೇಸ್ತ್ರಿಯವರೆಗೆ ಎಲ್ಲರಿಗೂ ಒಬ್ಬರು ಅತ್ತಿಗೆ, ಇನ್ನೊಬ್ಬರು ನಾದಿನಿ. ಸಂಬಂಧವೂ ಅದೇ, ನಾದಿನಿಯ ಅಣ್ಣನನ್ನು ಮದುವೆಯಾಗಿ ಬಂದವರು ಅತ್ತಿಗೆ. ಎಣ್ಣೆ ಸೀಗೆಕಾಯಿ ಎಂದು ಲೋಕ ನಗುವ ಈ ಜೋಡಿ ಹನ್ನೊಂದು ವರ್ಷಗಳಿಂದ ಒಂದೇ ಬೀರುವಿನ ಎರಡು ತುದಿ ಹಿಡಿದಿದೆ. ಜಗಳ ಇಲ್ಲವೆಂದಲ್ಲ. ಭಾರ ಹೊತ್ತಾಗ ಜಗಳಕ್ಕೆ ಉಸಿರು ಸಾಲುವುದಿಲ್ಲ, ಇಳಿಸಿದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. ದಿನಕ್ಕೆ ಎರಡು ಮನೆ, ತಿಂಗಳ ಕೊನೆಯಲ್ಲಿ ಮೂರು. ಆಫೀಸಿಗೆ, ಶಾಲೆಗೆ ಹೊರಡುವವರು ಮೆಟ್ಟಿಲಿಗೆ ಬರುವ ಮೊದಲೇ ದೊಡ್ಡ ಸಾಮಾನು ಮೇಲಿರಬೇಕು, ಅದಕ್ಕೇ ಈ ನಸುಕಿನ ಹೊತ್ತು.

ಮೇಲಿನವರು ಹಿಮ್ಮುಖವಾಗಿ ಹತ್ತಿ ದಾರಿ ತೋರಿಸುತ್ತಾರೆ. ಭಾರದ ಮುಕ್ಕಾಲು ಪಾಲು ಬೀಳುವುದು ಕೆಳಗಿನವರ ಮೇಲೆ, ಅವರಿಗೆ ಮುಂದಿನ ಸಾಮಾನು ಬಿಟ್ಟು ಏನೂ ಕಾಣುವುದಿಲ್ಲ. ಈ ಕಸುಬಿನಲ್ಲಿ ಒಂದು ಕಟ್ಟಳೆಯಿದೆ. ಮೆಟ್ಟಿಲ ಮೇಲೆ ಕೆಳಗಿನವರು ‘ಅಯ್ಯೋ’ ಅನ್ನುವಂತಿಲ್ಲ. ಅಂದರೆ ಮೇಲಿನವರು ಗಾಬರಿಯಲ್ಲಿ ಕೈಬಿಡುತ್ತಾರೆ, ಇಡೀ ಭಾರ ಕೆಳಗಿನವರ ಎದೆಗೆ ಬರುತ್ತದೆ. ನಿಲ್ಲಬೇಕಾದರೆ ‘ಇಳಿಸು’ ಎಂದಷ್ಟೇ ಹೇಳಬೇಕು. ನೋವನ್ನು ನುಂಗಿಕೊಳ್ಳಬೇಕು.

ಎರಡು ವರ್ಷದ ಹಿಂದೆ ಅತ್ತಿಗೆ ನುಂಗಿಕೊಂಡದ್ದು ಅಂಥದ್ದೇ ಒಂದು ನೋವು. ಯಾರೋ ಆಗಷ್ಟೇ ತೊಳೆದುಬಿಟ್ಟಿದ್ದ ಮೆಟ್ಟಿಲಲ್ಲಿ ನಾದಿನಿಯ ಕಾಲು ಜಾರಿತು. ಬೀರು ಪೂರ್ತಿಯಾಗಿ ಕೆಳಕ್ಕೆ ವಾಲಿತು. ಅತ್ತಿಗೆ ಬಲ ಮಂಡಿ ಮಡಚಿ, ತಿರುಚಿ ಅದನ್ನು ತಡೆದು ನಿಂತರು. ಒಳಗೇನೋ ಕಳಚಿದ ಹಾಗಾಯಿತಂತೆ. ತುಟಿಪಿಟಕ್ಕೆನ್ನದೆ ಇನ್ನೆರಡು ಮಹಡಿ ಹತ್ತಿಸಿದರು.

ಆಮೇಲೆ ಶುರುವಾಯಿತು ಆಸ್ಪತ್ರೆಯ ಅಲೆದಾಟ. ಎಕ್ಸ್‌ರೇಯಲ್ಲಿ ಮೂಳೆ ಸರಿಯಿತ್ತು. ರಕ್ತಪರೀಕ್ಷೆಯಲ್ಲಿ ವಾತವಿರಲಿಲ್ಲ. ಡಾಕ್ಟರು ಮಂಡಿ ಮಡಚಿ, ಒತ್ತಿ, ನೋಯುತ್ತಾ ಎಂದು ಪ್ರತಿ ಸಲವೂ ಕೇಳಿದರು. ಪ್ರತಿ ಸಲವೂ ಅತ್ತಿಗೆಯ ಉತ್ತರ ಒಂದೇ, ‘ಪರವಾಗಿಲ್ಲ.’ ಡಾಕ್ಟರ ಬಳಿ ಹೋಗುವ ದಿನ ಒಳ್ಳೆಯ ಬಟ್ಟೆ ಉಟ್ಟು, ಕುಂಟದೆ ನೆಟ್ಟಗೆ ನಡೆದು ಒಳಹೋಗುವುದು ಬೇರೆ. ಅಳದ ಮಗುವಿಗೆ ತಾಯಿಯೂ ಹಾಲು ಕೊಡುವುದಿಲ್ಲ, ಇನ್ನು ಡಾಕ್ಟರೇನು ಮಾಡಿಯಾರು? ಮುಲಾಮು ಬರೆದುಕೊಟ್ಟರು.

ಮನೆಗೆ ಬಂದರೆ ಮಂಡಿ ಊದಿ ಹೊಸ್ತಿಲು ದಾಟಲಾಗದು. ಮೇಸ್ತ್ರಿ ಇದೆಲ್ಲ ಕುಂಟುನೆಪ ಎಂದು ಮೂಗು ಮುರಿದರು, ನೆಲದಲ್ಲಿ ಕೂತು ತಟ್ಟೆ ಲೋಟಕ್ಕೆ ಪೇಪರ್ ಸುತ್ತುವ ಕೆಲಸಕ್ಕೆ ಬಾ ಅಂದರು. ನಮ್ಮ ಕಾಲದಲ್ಲಿ ನಮಗೂ ಮಂಡಿ ಇದ್ದವು ಎಂದರು ಅತ್ತೆ. ಅತ್ತಿಗೆಗೆ ಅದಕ್ಕಿಂತ ಕಷ್ಟವಾದದ್ದು ಬೇರೆ. “ಎಲ್ಲಾ ಸರಿಯಿದೆ ಅಂತ ಅಷ್ಟು ಕಾಗದ ಹೇಳ್ತಿದ್ವು. ಕೊನೆಗೆ ನನಗೇ ಅನುಮಾನ ಬಂತು, ನಾನೇ ನಾಟಕ ಆಡ್ತಿದೀನೇನೋ ಅಂತ,” ಎನ್ನುತ್ತಾರೆ. ಇದನ್ನು ಹೇಳುವಾಗ ಅವರ ದನಿ ಇಳಿಯುತ್ತದೆ.

ಕೊನೆಯ ಸಲ ನಾದಿನಿ ಹಟ ಹಿಡಿದು ಪರೀಕ್ಷೆಯ ಕೋಣೆಗೇ ನುಗ್ಗಿದರು. ಅತ್ತಿಗೆ ಮಂಚದ ಮೇಲೆ, ಎಡಗೈ ಪಕ್ಕದ ಕಂಬಿಯ ಮೇಲೆ. ಡಾಕ್ಟರು ಪಾದ ಹಿಡಿದು ಹೊರಕ್ಕೆ ತಿರುಗಿಸಿದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನಾದಿನಿ ಮಾತ್ರ ಮುಖ ನೋಡುತ್ತಿರಲಿಲ್ಲ. ವರ್ಷಗಟ್ಟಲೆ ಮೆಟ್ಟಿಲ ಮೇಲೆ ಅವರಿಗೆ ಕಂಡದ್ದು ಬೀರುವಿನ ಅಂಚು ಹಿಡಿದ ಅತ್ತಿಗೆಯ ಎಡಗೈ ಒಂದೇ.

“ಡಾಕ್ಟ್ರೇ, ಮುಖ ನೋಡಿದ್ರೆ ಏನೂ ಗೊತ್ತಾಗಲ್ಲ. ಆ ಕಿರುಬೆರಳು ನೋಡಿ. ಅದು ಮೇಲೆದ್ರೆ ಇವರಿಗೆ ಜೀವ ಹೋಗ್ತಿದೆ ಅಂತ ಅರ್ಥ.”

ಡಾಕ್ಟರು ನಗಲಿಲ್ಲ, ಗದರಲೂ ಇಲ್ಲ. ಪಾದವನ್ನು ಮತ್ತೆ ಹೊರಕ್ಕೆ ತಿರುಗಿಸಿದರು. ಕಿರುಬೆರಳು ಎದ್ದಿತು. ಒಳಕ್ಕೆ ತಿರುಗಿಸಿದರು, ಮಲಗಿತು. ಮಡಚಿ ತಿರುಗಿಸಿದರೆ ಕೈಯೇ ಕಂಬಿ ಬಿಟ್ಟಿತು. ಅವರು ಕುರ್ಚಿ ಎಳೆದುಕೊಂಡು ಕೂತು, ಇಷ್ಟು ದಿನ ಯಾಕಮ್ಮ ಬಾಯಿ ಬಿಡಲಿಲ್ಲ ಎಂದು ಕೇಳಿದರು.

“ನೀವು ಕಾಲು ಹಿಡ್ಕೊಂಡಿದ್ರಿ,” ಅಂದರು ಅತ್ತಿಗೆ. “ಕೂಗಿದ್ರೆ ಬಿಟ್ಬಿಡ್ತೀರಿ ಅನ್ನಿಸ್ತು.”

ಅವತ್ತೇ ದೊಡ್ಡ ಸ್ಕ್ಯಾನಿಗೆ ಬರೆದರು. ಕಿವಿ ಗಡಚಿಕ್ಕುವ ಆ ಕೊಳವೆಯೊಳಗೆ ಅಲುಗದೆ ಮಲಗುವುದು ಹಲವರಿಗೆ ಕಬ್ಬಿಣದ ಕಡಲೆ. ಅತ್ತಿಗೆ ಅರ್ಧ ದಾರಿಯಲ್ಲೇ ನಿದ್ದೆ ಹೋದರಂತೆ. ಹಗಲು ಹೊತ್ತು ಯಾರೂ ಕರೆಯದೆ ಮಲಗಿದ್ದು ಮದುವೆಯಾದ ಮೇಲೆ ಅದೇ ಮೊದಲು ಎನ್ನುತ್ತಾರೆ. ವರದಿ ಬಂತು: ಮಂಡಿಯೊಳಗೆ ಎರಡು ಮೂಳೆಗಳ ನಡುವೆ ಮೆತ್ತೆಯಂತಿರುವ ಪದರ ಹರಿದು, ಹರಿದ ತುಂಡು ಮಡಚಿಕೊಂಡಿದೆ. ಸಣ್ಣ ತೂತು ಮಾಡಿ ಹೊಲಿಯಬಹುದು.

ಅತ್ತಿಗೆ ಫಿಲ್ಮು ಹಿಡಿದು ಹೊರಬಂದ ರೀತಿಯನ್ನು ನಾದಿನಿ ಇವತ್ತಿಗೂ ಅಭಿನಯಿಸಿ ತೋರಿಸುತ್ತಾರೆ. ಹರಿದಿದೆಯಂತೆ, ಹರಿದಿದೆಯಂತೆ ಎಂದು ಕಂಡಕಂಡವರಿಗೆಲ್ಲ ನಗುತ್ತ ಹೇಳಿದರಂತೆ. ನರ್ಸು ಪಾಪ, ಈಕೆಗೆ ಅರ್ಥವಾಗಿಲ್ಲ ಎಂದುಕೊಂಡು ಎರಡೆರಡು ಸಲ ವಿವರಿಸಿದರು. ಅರ್ಥವಾಗಿತ್ತು, ಚೆನ್ನಾಗಿಯೇ ಆಗಿತ್ತು. ಮನೆಯಲ್ಲಿ ಅತ್ತೆ ಫಿಲ್ಮನ್ನು ಕಿಟಕಿಗೆ ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಬಿಸಿನೀರಿನ ಚೀಲವನ್ನು ತಂದು ಸೊಸೆಯ ಹಾಸಿಗೆಯ ಮೇಲಿಟ್ಟು ಒಳಗೆ ಹೋದರು. ಮೇಸ್ತ್ರಿ ಕುಂಟುನೆಪದ ಮಾತು ಮತ್ತೆ ಎತ್ತಲಿಲ್ಲ.

ಹೊಲಿಗೆಯಾಗಿ ಎಂಟು ತಿಂಗಳು ಕಳೆದಿದೆ. ಗೋಡೆ ಹಿಡಿದು ನಿಂತದ್ದು, ಕುರ್ಚಿಯಿಂದ ಎದ್ದದ್ದು, ಖಾಲಿ ಕೈಯಲ್ಲಿ ಮೆಟ್ಟಿಲು ಹತ್ತಿದ್ದು ಎಲ್ಲ ಆಗಿದೆ. ಭಾರ ಎತ್ತಬಹುದು, ಮಂಡಿ ತಿರುಚಬಾರದು, ಮಹಡಿಗೊಮ್ಮೆ ಇಳಿಸಬೇಕು ಎಂದು ಡಾಕ್ಟರು ಹೋದ ವಾರ ಒಪ್ಪಿಗೆ ಕೊಟ್ಟಿದ್ದಾರೆ.

ಫ್ರಿಜ್ ಮೇಲೇಳುತ್ತದೆ. ನಾದಿನಿ ಹಿಮ್ಮುಖವಾಗಿ ಹೆಜ್ಜೆಯಿಡುತ್ತ ತಿರುವು ಎಲ್ಲಿ, ಕಂಬಿ ಎಲ್ಲಿ ಎಂದು ಹೇಳುತ್ತಾರೆ. ನಾನು ಅತ್ತಿಗೆಯ ಹಿಂದೆ ಬರಿಗೈಯಲ್ಲಿ ಹತ್ತುತ್ತ ಏದುಸಿರು ಬಿಡುತ್ತಿದ್ದೇನೆ. ಪ್ರತಿ ಮಹಡಿಯಲ್ಲೂ ಇಳಿಸುತ್ತಾರೆ. ಮೂರನೆಯ ಮಹಡಿಯ ತಿರುವಿನಲ್ಲಿ ಬಲಗಾಲು ಮುಂದಿಡಬೇಕಾಗಿ ಬಂದಾಗ ಮೂವರೂ ಉಸಿರು ಬಿಗಿಹಿಡಿಯುತ್ತೇವೆ. ಕಾಲು ಊರುತ್ತದೆ, ನಿಲ್ಲುತ್ತದೆ, ಮುಂದಿನ ಮೆಟ್ಟಿಲಿಗೆ ಏರುತ್ತದೆ. ಐದನೆಯ ಮಹಡಿಯ ಅಡುಗೆಮನೆಯಲ್ಲಿ ಫ್ರಿಜ್ ಕೂತ ಕೂಡಲೇ ನಾದಿನಿ ಗೋಡೆಗೊರಗಿ ಅಳುತ್ತಾರೆ. ಅತ್ತಿಗೆ ಅವರ ಬೆನ್ನಿಗೊಂದು ಗುದ್ದು ಕೊಟ್ಟು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ಮುಖದಲ್ಲಿ ಗೆಲುವು ಮುಚ್ಚಿಟ್ಟರೂ ನಿಲ್ಲುತ್ತಿಲ್ಲ.

ಇಳಿಯುವಾಗ ಕೇಳುತ್ತೇನೆ, ಮೇಸ್ತ್ರಿ ಅಷ್ಟೇ ಸಂಬಳಕ್ಕೆ ತಟ್ಟೆ ಸುತ್ತುವ ಕೆಲಸ ಕೊಡುತ್ತೇನೆ ಅಂದಿದ್ದರಲ್ಲ, ಈ ಮಂಡಿ ಇಟ್ಟುಕೊಂಡು ಮತ್ತೆ ಕೆಳಗಿನ ಭಾರವೇ ಯಾಕೆ? ನಾದಿನಿ ಒಂದು ಮಹಡಿ ಮುಂದೆ ಇಳಿದುಹೋಗಿದ್ದಾರೆ. ಅದನ್ನು ಖಾತ್ರಿ ಮಾಡಿಕೊಂಡೇ ಅತ್ತಿಗೆ ಬಾಯಿ ತೆರೆಯುತ್ತಾರೆ.

“ತಟ್ಟೆ ಸುತ್ತೋದೇನು ಕೆಟ್ಟ ಕೆಲಸ ಅಲ್ಲ. ಆದ್ರೆ ಇವಳ ಕೆಳಗೆ ಬೇರೆ ಯಾರೋ ನಿಂತಿದಾರೆ ಅಂದ್ರೆ ನನಗೆ ನಿದ್ದೆ ಬರಲ್ಲ.”