ಚಿಗವ್ವನ ಕೊರಳಿನ ಬೆಳ್ಳಿ ಮುಖ

ಅರಗು ಕಾದ ವಾಸನೆ ಬಂದರೆ ನನಗೆ ಹಳಿಯಾಳದ ನಮ್ಮ ಪಡಸಾಲೆ ನೆನಪಾಗುತ್ತದೆ. ನಿಮಗೂ ಇಂಥ ಒಂದು ವಾಸನೆ ಇದ್ದೀತು. ಮನೆ ಈಗಿಲ್ಲ, ಆ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಅಪ್ಪ ಪತ್ತಾರ, ಬೆಳ್ಳಿ ಬಂಗಾರದ ಕೆಲಸದವ. ಬೆಚ್ಚಗಿನ ಅರಗಿನ ಮೇಲೆ ಬೆಳ್ಳಿ ತಗಡು ಅಂಟಿಸಿ, ಮೊಂಡು ಉಳಿಯಿಟ್ಟು ಮೆಲ್ಲಗೆ ಬಡಿದು ಮುಖ ಎಬ್ಬಿಸುತ್ತಿದ್ದ. ಕೆಂಡಕ್ಕೆ ಕೊಳವೆ ಊದುವವಳು ನಾನು. ಯಾರೂ ಕಲಿಸಲಿಲ್ಲ, ಊದುತ್ತ ಊದುತ್ತ ಬೆಳ್ಳಿ ಯಾವಾಗ ಮೆತ್ತಗಾಗುತ್ತದೆಂದು ಕಣ್ಣಿಗೆ ತಿಳಿಯಿತು.

ನಮ್ಮ ಕಡೆ ಎರಡನೆಯ ಹೆಂಡತಿಯಾಗಿ ಬಂದವಳು, ಸತ್ತ ಮೊದಲನೆಯವಳ ಮುಖವನ್ನು ಬೆಳ್ಳಿಯಲ್ಲಿ ಮಾಡಿಸಿ ಕೊರಳಿಗೆ ಕಟ್ಟಿಕೊಳ್ಳಬೇಕು. ಇಲ್ಲದಿದ್ದರೆ ಸತ್ತವಳು ಕಾಡುತ್ತಾಳೆ. ಅಪ್ಪ ಊರಿಗೆಲ್ಲ ಒಂದೇ ಮುಖ ಬಡಿದು ಕೊಡುತ್ತಿದ್ದ, ಯಾರೂ ಜಗಳ ತೆಗೆಯಲಿಲ್ಲ. ನನ್ನ ಅವ್ವ ಸತ್ತು, ಅಪ್ಪನಿಗೆ ಮಳಗಿ ಊರಿನ ಹೆಣ್ಣನ್ನು ಗೊತ್ತು ಮಾಡಿದಾಗ ಮಾತ್ರ ಆ ಮುಖ ಸಾಲಲಿಲ್ಲ. ಅವ್ವನ ಫೋಟೊ ಇರಲಿಲ್ಲ. ಅಪ್ಪ ಬಡಿದಷ್ಟೂ ತಗಡು ತೂತಾಯಿತು. ಕೊನೆಗೆ ಸುತ್ತಿಗೆಯನ್ನು ನನ್ನ ಕಡೆ ತಳ್ಳಿದ.

"ನೀನ ಬಡಿ. ನನ್ನ ಕೈಯಾಗ ಆಕಿ ಬರವಲ್ಲಳು."

ಹೆಣ್ಣುಮಕ್ಕಳು ಸುತ್ತಿಗೆ ಹಿಡಿಯುವ ಮನೆ ನಮ್ಮದಲ್ಲ. ಅಪ್ಪನ ತಂಗಿ ಬಾಗಿಲಲ್ಲೇ ನಿಂತು, "ಆಕಿ ಇದನ್ನ ಬಡಿದರ, ರೊಟ್ಟಿ ನೀ ಬಡಿಯಾಂವೇನೊ ಅಣ್ಣಾ?" ಎಂದಳು. ಅಪ್ಪ ಎದ್ದು ಹೊರಗೆ ಹೋದ. ನಾನು ಬಡಿದೆ. ತಪ್ಪಿದರೆ ಅವ್ವ ಇನ್ನೆಲ್ಲಿಯೂ ಉಳಿಯುವುದಿಲ್ಲ ಎಂಬುದೊಂದೇ ತಲೆಯಲ್ಲಿತ್ತು. ದಪ್ಪ ಮೂಗು, ಗಂಟಿಕ್ಕಿದ ಹುಬ್ಬು. ಅವ್ವನೇ ಎದ್ದು ಬಂದಳು.

ಮಳಗಿಯಿಂದ ಬಂದವಳನ್ನು ನಾನು ಚಿಗವ್ವ ಎಂದೆ. ಮುಖ ಕಟ್ಟಿಕೊಂಡ ದಿನ ಅವಳು ಹೆದರಿ, ಅಕ್ಕ ಯಾಕೆ ಹೀಗೆ ಸಿಟ್ಟಿನಿಂದ ನೋಡುತ್ತಾಳೆಂದು ಕೇಳಿದಳು. "ಆಕಿ ನೋಡೂದ ಹಂಗ," ಎಂದೆ. ಬರಬರುತ್ತ ಅದರ ಸಂಗಡ ಮಾತಾಡತೊಡಗಿದಳು. ಮೊದಲ ತುತ್ತನ್ನು ಅದಕ್ಕೆ ಮುಟ್ಟಿಸಿ, ಸಾರಿಗೆ ಉಪ್ಪು ಸಾಕೇ ಎಂದು ಕೇಳುತ್ತಿದ್ದಳು. ಹೊರಗೆ ಕುಳಿತವರಿಗೆ ಅಡುಗೆಮನೆಯಲ್ಲಿ ಇಬ್ಬರು ಹೆಂಗಸರಿದ್ದಂತೆ ಕೇಳಿಸುತ್ತಿತ್ತು. ನಾನು ಒಳಗೆ ಹೋದರೆ ಸುಮ್ಮನಾಗುತ್ತಿದ್ದಳು.

ಅಂದು ಹಿಡಿದ ಸುತ್ತಿಗೆಯನ್ನು ನಾನು ಬಿಡಲಿಲ್ಲ, ಅಪ್ಪ ತೀರಿಹೋದ ಮೇಲೂ ಮುಖ ಬಡಿಯುವ ಕೆಲಸದಲ್ಲೇ ನನ್ನ ಹೊಟ್ಟೆಪಾಡು ನಡೆಯಿತು. ಮುಪ್ಪಿನಲ್ಲಿ ಚಿಗವ್ವ ಬೆಳ್ಳಿಯನ್ನು ಬಿಚ್ಚಿ ನನ್ನ ಮುಂದಿಟ್ಟಳು. ಮೈಗೆ ತಿಕ್ಕಿ ತಿಕ್ಕಿ ಮುಖ ಸವೆದು ನುಣ್ಣಗಾಗಿತ್ತು. ಮತ್ತೆ ಎಬ್ಬಿಸಿಕೊಡು ಎಂದಳು. ಉಳಿ ಇಟ್ಟೆ, ತೆಗೆದೆ. ಊರವರ ಎಷ್ಟೋ ಮುಖ ಬಡಿದ ಕೈ. ಅವ್ವನ ಮುಖ ಮಾತ್ರ ನನ್ನಲ್ಲಿ ಉಳಿದಿರಲಿಲ್ಲ.

ಅವ್ವನನ್ನು ಒಮ್ಮೆಯೂ ಕಾಣದ ಚಿಗವ್ವ ಪಕ್ಕಕ್ಕೆ ಬಂದು ಕುಳಿತಳು.

"ಗದ್ದದ ಮ್ಯಾಲೆ ಸುಟ್ಟ ಕಲೆ ಐತಿ. ಆಗ ಅದನ್ನ ನೀ ಬಿಟ್ಟಿ. ಅಲ್ಲಿಂದ ಸುರು ಮಾಡು."

ಇತ್ತು. ಕೆಂಡ ಸಿಡಿದು ಆದ ಕಲೆ. ನಾನು ಅದನ್ನು ಯಾರಿಗೂ ಹೇಳಿರಲಿಲ್ಲ. ಚಿಗವ್ವ ಹೇಳುತ್ತ ಹೋದಳು, ನಾನು ಬಡಿಯುತ್ತ ಹೋದೆ.