ಅವ್ವನ ಸೆರಗಿನ ಉಪ್ಪು

ತಾಂಡೂರಿನ ನನ್ನ ಬಾಡಿಗೆ ಕೋಣೆಯ ಮೇಜಿನ ಮೇಲೆ, ಪೆನ್ನಿನ ಡಬ್ಬಿಗೂ ತಿದ್ದದೆ ಉಳಿದ ಉತ್ತರಪತ್ರಿಕೆಗಳಿಗೂ ನಡುವೆ, ಹಳೆಯ ಸೀರೆಯ ಚಿಂದಿಯಲ್ಲಿ ಕಟ್ಟಿದ ಒಂದು ಪುಟ್ಟ ಗಂಟಿದೆ. ಬಿಚ್ಚಿದರೆ ಏಳೆಂಟು ಹರಳು ಉಪ್ಪು, ಮತ್ತೇನಿಲ್ಲ. ಮಂತ್ರಿಸಿದ್ದೆಂದು ಅವಸರದಲ್ಲಿ ತೀರ್ಪು ಕೊಡಬೇಡಿ ಗೆಳೆಯರೇ, ಹಾಗೆ ತೀರ್ಪು ಕೊಟ್ಟು ಬಹುಮಾನದ ಕಪ್ಪು ಗೆದ್ದವಳು ನಾನೇ.

ಒಂಬತ್ತನೆಯ ತರಗತಿಯಲ್ಲಿದ್ದಾಗ, ನಾರಾಯಣಖೇಡದ ಚರ್ಚಾಸ್ಪರ್ಧೆಯಲ್ಲಿ ಮೂಢನಂಬಿಕೆಯನ್ನು ಹಿಗ್ಗಾಮುಗ್ಗಾ ಝಾಡಿಸುತ್ತ, “ದೂರ ಯಾಕೆ, ನಮ್ಮವ್ವನನ್ನೇ ನೋಡಿ, ದೃಷ್ಟಿ ತಾಗೀತೆಂದು ಸೆರಗಿಗೆ ಉಪ್ಪು ಕಟ್ಟಿಕೊಂಡೇ ತಿರುಗುತ್ತಾಳೆ” ಎಂದಿದ್ದೆ. ಸಭೆ ಗೊಳ್ಳೆಂದಿತು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಅವ್ವನೂ ನಕ್ಕು ಚಪ್ಪಾಳೆ ತಟ್ಟಿದಳು. ಎದುರಿನವರು ಬಾಯಿ ಬಿಡದಿದ್ದರೆ ಸೋತರೆಂದೇ ತಿಳಿಯುವ ವಯಸ್ಸು ಅದು.

ಆ ವಯಸ್ಸು ಮುಗಿದದ್ದು ಕಳೆದ ಮಳೆಗಾಲದಲ್ಲಿ. ಈಗ ನಾನು ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ, ಮಕ್ಕಳಿಗೆ ವಾದ ಮಾಡುವುದನ್ನೂ. ಅವರನ್ನು ಜಹೀರಾಬಾದಿನ ಸ್ಪರ್ಧೆಗೆ ಕರೆದೊಯ್ದಿದ್ದೆ. ಮಾದರಿಗೆಂದು ವೇದಿಕೆ ಹತ್ತಿ, “ಮೂರನೆಯ ಕಾರಣವೆಂದರೆ” ಎಂದೆ. ಮೂರನೆಯದು ಬರಲಿಲ್ಲ. ಎದೆ ಕಿತ್ತುಕೊಂಡು ಬರುವಂತೆ ಬಡಿಯಿತು, ಮೈಕು ಹಿಡಿದ ಕೈ ಯಾರದೋ ಆಗಿಬಿಟ್ಟಿತು. ಹೆಸರು, ಊರು ಎಲ್ಲ ನೆನಪಿತ್ತು, ಆದರೆ ಪಕ್ಕದ ಮನೆಯವರ ಸಮಾಚಾರದಂತೆ ನೆನಪಿತ್ತು. ಸಾಯುತ್ತಿದ್ದೇನೆ ಅಂದುಕೊಂಡೆ.

ಹೃದಯ ಗಟ್ಟಿಯಾಗಿದೆ, ಇದು ಪ್ಯಾನಿಕ್ ಅಟ್ಯಾಕ್ ಎಂದು ಹೇಳಿದ ಡಾಕ್ಟರಮ್ಮ ಗುಳಿಗೆ ಬರೆದರು. ಹಾಗಾದಾಗ ಏನನ್ನಾದರೂ ಮುಟ್ಟಿ, ಮೂಸಿ, ರುಚಿ ನೋಡಿ ಎಂದರು. ಕಾರಣವೇ ಇಲ್ಲದೆ ಭಯ ಹೇಗೆ ಹುಟ್ಟೀತೆಂದು ನಾನು ಅಲ್ಲಿಯೂ ವಾದಕ್ಕಿಳಿದೆ. “ನೀವು ಗೆಲ್ಲಾಕ ಬಂದೀರೋ, ಗುಣ ಆಗಾಕ ಬಂದೀರೋ?” ಅಂದರು.

ಆಮೇಲೆ ತರಗತಿಯಲ್ಲೇ ಎರಡು ಸಲ ಆಯಿತು. ಮಾತೇ ಅನ್ನವಾದವಳಿಗೆ ಬಾಯಿ ತೆರೆಯಲು ಹೆದರಿಕೆ. ರಾಜೀನಾಮೆ ಬರೆದು ಚೀಲದಲ್ಲಿಟ್ಟುಕೊಂಡು ನಾಗಲಗಿದ್ದದ ಹತ್ತಿರದ ನಮ್ಮ ಹಳ್ಳಿಗೆ ಬಸ್ಸು ಹತ್ತಿದೆ.

ಅವ್ವ ಕುರಿದೊಡ್ಡಿಯಲ್ಲಿದ್ದಳು. ಚೊಚ್ಚಲ ಈದ ಕುರಿಯೊಂದು ತನ್ನ ಮರಿಯನ್ನೇ ಗುರುತಿಸದೆ ಹಾಯ್ದು ಹಾಯ್ದು ನೂಕುತ್ತಿತ್ತು. ಅವ್ವ ಸೆರಗಿನ ಗಂಟು ಬಿಚ್ಚಿ, ಉಪ್ಪು ಪುಡಿಮಾಡಿ ಮರಿಯ ಹಸಿಮೈಗೆ ಸವರಿದಳು. ಕುರಿ ಮೂಸಿತು, ಒಮ್ಮೆ ನೆಕ್ಕಿತು, ಮತ್ತೊಮ್ಮೆ ನೆಕ್ಕಿತು, ಆಮೇಲೆ ಬಿಡಲೇ ಇಲ್ಲ. ನೋಡುತ್ತ ನಿಂತ ನನ್ನ ಬಾಯಿಂದ ಬಿತ್ತು: “ಅವ್ವಾ, ನನ್ನ ಕೈ ನನಗ ನಂದು ಅನಸವಲ್ದು.”

ದೃಷ್ಟಿ ತಾಗ್ಯದ ಎಂದಾಳು, ಎಂದ ಕೂಡಲೇ ಹೇಳಲು ಉತ್ತರ ಸಿದ್ಧವಿತ್ತು. ಅವಳು ಕೇಳಿದ್ದೇ ಬೇರೆ. “ಎದಿ ಹಾರತದ? ಮಂದಿ ಮಾತು ಬಾವಿಯೊಳಗಿಂದ ಬಂದಂಗ ಕೇಳತಾವ?”

ನಾನು ದಂಗಾದೆ. “ನಿನಗ ಹ್ಯಾಂಗ ಗೊತ್ತು?”

“ಬೊಮ್ರಾಸಪೇಟದಿಂದ ಲಗ್ನ ಆಗಿ ಈ ಮನಿಗಿ ಬಂದ ವರ್ಷ ನನಗೂ ಹಂಗೇ ಆಗಿತ್ತು. ರೊಟ್ಟಿ ಬಡಿಯೋ ಕೈ ಯಾರದಂತ ನೋಡ್ಕೋತ ಕುಂದರತಿದ್ದೆ. ನಿಮ್ಮ ಆಯಿ, ನಮ್ಮತ್ತಿ, ಒಂದು ಹರಳು ಉಪ್ಪು ನಾಲಗಿ ಮ್ಯಾಲ ಇಟ್ಟಳು. ಮೈಯಾಗ ತಿರುಗಿ ಬಂದಂಗಾತು.”

“ಮತ್ತ ಅವತ್ತು ನಾರಾಯಣಖೇಡದಾಗ ಯಾಕ ನಕ್ಕಿ? ಹೇಳಬಾರದಾಗಿತ್ತೇನು?”

“ನೀ ಎಲ್ಲಿ ಕೇಳಿದಿ? ಬರೇ ಹೇಳಾಕತ್ತಿದ್ದಿ.”

ಜಹೀರಾಬಾದಿನ ವೇದಿಕೆಯ ಮೇಲೂ ಇಷ್ಟು ಬೆಚ್ಚಿರಲಿಲ್ಲ. ಪುರಾವೆ ಎಲ್ಲಿ, ಪುರಾವೆ ಎಲ್ಲಿ ಎಂದು ಊರೆಲ್ಲ ಕೇಳಿಕೊಂಡು ಬಂದವಳು, ಮನೆಯಲ್ಲಿದ್ದ ಒಬ್ಬಳೇ ಸಾಕ್ಷಿಯನ್ನು ಒಂದು ಪ್ರಶ್ನೆಯನ್ನೂ ಕೇಳದೆ ಸಭೆಯ ನಡುವೆ ನಗೆಗೀಡು ಮಾಡಿದ್ದೆ. ಮನೆಯಿಂದ ದೂರ ಬಂದು ಒದ್ದಾಡುವುದು ನನ್ನ ಓದಿನ ಜೊತೆ ಬಂದ ಹೊಸ ರೋಗವೆಂದುಕೊಂಡಿದ್ದೆನಲ್ಲ, ಆ ದೂರವನ್ನು ಅವಳು ನನಗಿಂತ ಮೊದಲೇ, ನನಗಿಂತ ಚಿಕ್ಕ ವಯಸ್ಸಿನಲ್ಲೇ ನಡೆದಿದ್ದಳು. ಅವಳ ಚೀಲದಲ್ಲಿ ರಾಜೀನಾಮೆಯ ಕಾಗದ ಇರಲಿಲ್ಲ, ಕೊಡೋಣವೆಂದರೆ ಯಾರಿಗೆ ಕೊಡಬೇಕಿತ್ತು?

ಉಪ್ಪು ರೋಗ ವಾಸಿ ಮಾಡುತ್ತದೆಂದು ನಾನೇನೂ ಹೇಳುತ್ತಿಲ್ಲ. ಗುಳಿಗೆ ತಪ್ಪಿಸಿಲ್ಲ, ಡಾಕ್ಟರಮ್ಮನ ಬಳಿ ಹೋಗುವುದನ್ನೂ ಬಿಟ್ಟಿಲ್ಲ, ದೃಷ್ಟಿಯನ್ನು ಇವತ್ತಿಗೂ ನಂಬುವುದಿಲ್ಲ.

ಊರಿಂದ ಬಂದ ಸೋಮವಾರ ತರಗತಿಯಲ್ಲಿ, ಮತ್ತೆ ಆ ಹಾಳು ಮೂರನೆಯ ಕಾರಣದ ಹೊತ್ತಿಗೇ, ಹಲಗೆ ದೂರ ಸರಿಯತೊಡಗಿತು. ಹೊರಗೆ ಓಡುವ ಬದಲು ಅವ್ವ ಕಟ್ಟಿಕೊಟ್ಟಿದ್ದ ಗಂಟು ಬಿಚ್ಚಿ ಒಂದು ಹರಳು ನಾಲಗೆಗಿಟ್ಟೆ. ಚುರ್ರೆಂದಿತು. ಮೊದಲು ಬಾಯಿ ನನ್ನದಾಯಿತು, ಬಹಳ ಹೊತ್ತಿನ ಮೇಲೆ ಕೈ.

ಮುಂದಿನ ಬೆಂಚಿನ ಹುಡುಗಿ, ನಮ್ಮ ಕಡೆಯವಳೇ, ಕಣ್ಣರಳಿಸಿದಳು. “ಉಪ್ಪೇನ್ರಿ ಮೇಡಂ? ದೃಷ್ಟಿಗೇನ್ರಿ?” ಕ್ಲಾಸೆಲ್ಲ ಗೊಳ್ಳೆಂದಿತು.

“ಅಲ್ಲ,” ಅಂದೆ. ದನಿ ನಡುಗುತ್ತಿತ್ತು, ಆದರೆ ನನ್ನದೇ ಆಗಿತ್ತು. “ಕೇಳಿದಿ, ಚಲೋ ಆತು. ನಾ ನಮ್ಮವ್ವಗ ಕೇಳಿರಲಿಲ್ಲ.”