ಹಿಮ ಬೀಳದ ಊರಲ್ಲಿ ತುಕ್ಕಿನ ಮದ್ದು

ಶಿವರಾಮು ಬಾಯಲ್ಲಿ ‘ಬೇಡ’ ಎಂಬ ಮಾತು ಬಂದದ್ದನ್ನು ನಾನು ಕೇಳಿದವಳಲ್ಲ. ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ಆ ಅಪಾರ್ಟ್‌ಮೆಂಟಿನಲ್ಲಿ ನಮ್ಮದೂ ಅವರದೂ ಎದುರುಬದುರು ಬಾಗಿಲು. ಮೊದಲ ಸಲ ಗಂಡ ಹೆಂಡತಿ ಇಬ್ಬರನ್ನೂ ಊಟಕ್ಕೆ ಕರೆದಾಗ ಹಾಗಲಕಾಯಿ ಗೊಜ್ಜು ಮಾಡಿದ್ದೆ. “ತುಂಬಾ ಚೆನ್ನಾಗಿದೆ” ಎಂದು ಮತ್ತೆ ಬಡಿಸಿಕೊಂಡು ತಿಂದರು. ಪಾಪ, ಇಷ್ಟಪಟ್ಟು ತಿನ್ನುತ್ತಾರಲ್ಲ ಎಂದು ಅವರು ಬಂದಾಗಲೆಲ್ಲ ನಾನು ಅದನ್ನೇ ಮಾಡಿದೆ. ಅವರಿಗೆ ಹಾಗಲಕಾಯಿ ಕಂಡರೇ ಆಗದು ಎಂದು ಅವರ ಹೆಂಡತಿ ಮೈಥಿಲಿ ಬಾಯಿಬಿಡುವ ಹೊತ್ತಿಗೆ ವರ್ಷವೇ ಕಳೆದಿತ್ತು. ಬಾಗಿಲು ತಟ್ಟಿ ಬಂದ ಸೇಲ್ಸ್‌ಮನ್ನರನ್ನು ವಾಪಸು ಕಳಿಸಲಾರದೆ ಅವರ ಮನೆಯಲ್ಲಿ ಎರಡು ವ್ಯಾಕ್ಯೂಮ್ ಕ್ಲೀನರುಗಳು ಸೇರಿಕೊಂಡಿದ್ದವು. ಗುಡಿಸುವುದಕ್ಕೆ ಇದ್ದದ್ದು ನಡುಮನೆಯ ಒಂದೇ ಒಂದು ಕಾರ್ಪೆಟ್ಟು. ಜನ ಇದನ್ನು ದಾಕ್ಷಿಣ್ಯ ಎನ್ನುತ್ತಾರೆ, ಒಳ್ಳೆಯತನ ಎನ್ನುತ್ತಾರೆ. ನನಗಂತೂ ಮೈ ಉರಿಯುತ್ತದೆ.

ಮನುಷ್ಯ ಕೆಟ್ಟವರಲ್ಲ. ಮಂಡ್ಯದ ಕಡೆಯವರು, ಸಾಂಟಾ ಕ್ಲಾರಾದ ಒಂದು ಚಿಪ್ ಕಾರ್ಖಾನೆಯ ಟೆಸ್ಟಿಂಗು ವಿಭಾಗದಲ್ಲಿ ಕೆಲಸ. ಅಮೆರಿಕಕ್ಕೆ ಬಂದದ್ದು ಅಕ್ಕನ ಸ್ಪಾನ್ಸರ್‌ಶಿಪ್ಪಿನಲ್ಲಿ. ಅಕ್ಕನ ಗಂಡ ವೆಂಕಟಾಚಲ ದೇಶದ ಇನ್ನೊಂದು ತುದಿಯ ಬಫಲೋದಲ್ಲಿ ಹೆಸರು ಮಾಡಿದ ಡಾಕ್ಟರು. ಬಂದ ಹೊಸದರಲ್ಲಿ ಶಿವರಾಮು, ಮೈಥಿಲಿ ಎರಡು ಚಳಿಗಾಲ ಆ ಭಾವನ ಮನೆಯ ಬೇಸ್‌ಮೆಂಟಿನಲ್ಲೇ ಇದ್ದರು. ಡಿಸೆಂಬರು ಬಂತೆಂದರೆ ಅಲ್ಲಿದ್ದ ಒಂದೇ ಕಿಟಕಿಗೆ ಹೊರಗಿನಿಂದ ಹಿಮ ಮುಚ್ಚಿಕೊಳ್ಳುತ್ತಿತ್ತಂತೆ. ಮಾರ್ಚಿನವರೆಗೆ ಹಗಲೂ ದೀಪ. ತಲೆಯ ಮೇಲೆ ಅಕ್ಕ ಓಡಾಡುವ ಸದ್ದು. ಒಂದು ಲೋಟ ಕಾಫಿ ಬೇಕಾದರೂ ಮೆಟ್ಟಿಲು ಹತ್ತಿ, ಅಡಿಗೆಮನೆ ಖಾಲಿ ಇದೆಯೇ ಎಂದು ಇಣುಕಿ ನೋಡಬೇಕು. ಯಾರೂ ಒಂದು ಕೆಟ್ಟ ಮಾತಾಡಲಿಲ್ಲ. ಬೈದಿದ್ದರೆ ಜಗಳವಾಡಿ ಹೊರಗೆ ಬರಬಹುದಿತ್ತು ಎಂದು ಮೈಥಿಲಿ ಹೇಳುತ್ತಿದ್ದಳು.

“ಅಲ್ಲಿ ನಾನು ಬದುಕಿದೀನಿ ಅನ್ನೋದೇ ಮರ್ತೋಗ್ತಿತ್ತು ಸತ್ಯಾ” ಎಂದಿದ್ದಳು ಒಮ್ಮೆ, ನಮ್ಮ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತ.

ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದ ಮೇಲೆ ಅವಳು ಬೇರೆಯೇ ಹೆಂಗಸಾದಳು. ಸರಟೋಗಾದ ಗುಡ್ಡದ ರಸ್ತೆಗಳಲ್ಲಿ ನನ್ನ ಪಕ್ಕ ಕೂತು ಡ್ರೈವಿಂಗು ಕಲಿತಳು. ಲಾಸ್ ಆಲ್ಟೋಸ್‌ನ ಒಂದು ಡೇಕೇರಿನಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿನ ಪುಟಾಣಿಗಳಿಗೆ ‘ಆನೆ ಬಂತೊಂದಾನೆ’ ಕಲಿಸಿ, ಅವು ಮನೆಗೆ ಹೋಗಿ ಹಾಡಿ, ತಾಯಂದಿರು ಇದು ಯಾವ ಭಾಷೆ ಎಂದು ವಿಚಾರಿಸುವಷ್ಟಾಯಿತು. ಸಂಜೆ ಫ್ರೀವೇಯಲ್ಲಿ ಒಬ್ಬಳೇ ಕಾರು ಓಡಿಸಿಕೊಂಡು ಬರುವಾಗ ಅವಳ ಮುಖ ನೋಡಬೇಕಿತ್ತು.

ಓಡಿಸುತ್ತಿದ್ದ ಕಾರು ಮಾತ್ರ ಬಫಲೋದಿಂದ ತಂದ ಹಳೆಯ ಡಬ್ಬ. ಅಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಕಾರಿನ ಹೊಟ್ಟೆಗೆ ಅಂಟಿ ತಗಡನ್ನು ತಿಂದುಹಾಕುತ್ತದೆ. ಮುಂದಿನ ಸೀಟಿನ ಕೆಳಗೆ ನೆಲ ತೂತಾಗಿ ರಸ್ತೆ ಕಾಣಿಸುತ್ತಿತ್ತು. ಮೈಥಿಲಿ ಅದರ ಮೇಲೆ ಊಟದ ಸ್ಟೀಲ್ ತಟ್ಟೆಯೊಂದನ್ನು ಕವುಚಿ, ಮೇಲೆ ಚಾಪೆ ಹಾಸಿದ್ದಳು. ಆ ಡಬ್ಬ ಎಂಬತ್ತಾರರ ವಸಂತದಲ್ಲಿ ಕೊನೆಗೂ ನಿಂತುಹೋಯಿತು.

ಅದೇ ಹೊತ್ತಿಗೆ ಭಾವನ ಫೋನು ಬಂತು. ಅವರು ಬಫಲೋದಲ್ಲಿ ರಕ್ತಪರೀಕ್ಷೆಯ ಲ್ಯಾಬು ತೆರೆಯುತ್ತಿದ್ದರು. ನಂಬಿಕಸ್ಥ ಮ್ಯಾನೇಜರು ಬೇಕಿತ್ತು.

“ಹೊರಗಿನವರು ಯಾಕಪ್ಪಾ, ನೀನಿರುವಾಗ? ನಿಮ್ಮಕ್ಕನಿಗೂ ಜೊತೆ ಆಗತ್ತೆ. ಏನಂತೀಯ?”

“ಆಯ್ತು ಭಾವ” ಎಂದರು ಶಿವರಾಮು.

“ಹಾಗಾದ್ರೆ ಹೊಸ ಕಾರು ಅಲ್ಲೇ ತಗೋ. ಈ ಊರಿನ ಉಪ್ಪು ಸೋಕೋ ಮುಂಚೆ, ತುಕ್ಕು ಹಿಡೀದ ಹಾಗೆ ರಸ್ಟ್‌ಪ್ರೂಫಿಂಗು ಮಾಡಿಸ್ಕೊಂಡು ಬಾ. ಹಳೇ ಕಾರಿನ ಗತಿ ನೋಡಿದ್ಯಲ್ಲ.”

“ಆಯ್ತು ಭಾವ.”

ಪಕ್ಕದಲ್ಲೇ ಅಕ್ಕಿ ಆರಿಸುತ್ತಿದ್ದ ಮೈಥಿಲಿ ಫೋನು ಇಡುವವರೆಗೂ ಕಾದು, “ನಾನು ಆ ಮನೆಗೆ ಮತ್ತೆ ಬರಲ್ಲ” ಎಂದು ಸ್ಪಷ್ಟವಾಗಿ ಹೇಳಿದಳಂತೆ. ಶಿವರಾಮು ಅದಕ್ಕೂ “ಆಯ್ತು” ಎಂದರು. ಹೀಗೆ ಎರಡು ಕಡೆಗೂ ಒಪ್ಪಿಕೊಂಡು, ಮಧ್ಯೆ ತಾವು ಸಿಕ್ಕಿಹಾಕಿಕೊಂಡರು.

ಕಾರು ಬಂತು. ತಿಳಿನೀಲಿ ಬಣ್ಣ, ಒಳಗೆಲ್ಲ ಹೊಸ ವಾಸನೆ. ಪಾರ್ಕಿಂಗ್ ಲಾಟಿನಲ್ಲೇ ಕುಂಕುಮ ಹಚ್ಚಿ, ಕರ್ಪೂರ ಬೆಳಗಿ, ನಾಲ್ಕು ಚಕ್ರದಡಿಯ ನಿಂಬೆಹಣ್ಣುಗಳ ಮೇಲೆ ಓಡಿಸಿ ಪೂಜೆ ಮಾಡಿದ್ದಾಯಿತು. ಅಪಾರ್ಟ್‌ಮೆಂಟಿನ ಮ್ಯಾನೇಜರು ಬಂದು, ಹೊಗೆ ಯಾಕೆ, ಎಂಜಿನ್ನಿಗೆ ಬೆಂಕಿ ಬಿತ್ತೇ ಎಂದು ಕೇಳಿದ. ನಾವೆಲ್ಲ ನಕ್ಕೆವು. ಮೈಥಿಲಿಯೂ ನಕ್ಕಳು. ಕಾರು ತನ್ನ ಡೇಕೇರಿಗೇ ಎಂದು ಅವಳು ಅಂದುಕೊಂಡಿದ್ದಳು.

ಇನ್ನು ತುಕ್ಕಿನ ಪ್ರಶ್ನೆ. ಶಿವರಾಮು ಕಾರು ಕೊಂಡಲ್ಲಿ ವಿಚಾರಿಸಿದರೆ, ಈ ಊರಲ್ಲಿ ಅದನ್ನು ಯಾರು ಮಾಡಿಸುತ್ತಾರೆ ಎಂದು ನಕ್ಕುಬಿಟ್ಟರು. ಕೊನೆಗೆ ನೆವಾರ್ಕ್‌ನಲ್ಲಿ ಆ ಕೆಲಸ ಮಾಡುವ ಒಂದು ಸಣ್ಣ ಅಂಗಡಿ ಸಿಕ್ಕಿತು. ಬಾಗಿಲುಗಳ ಅಂಚಿನಲ್ಲೂ ಅಡಿಯ ಚೌಕಟ್ಟಿನಲ್ಲೂ ಡ್ರಿಲ್ಲಿನಿಂದ ತೂತು ಕೊರೆದು, ಒಳಗೆ ಮೇಣದಂಥ ಎಣ್ಣೆ ಸಿಂಪಡಿಸಿ, ಬಿರಡೆ ಹಾಕುತ್ತಾರೆ. ಹೊಟ್ಟೆಗೆಲ್ಲ ಕಪ್ಪು ಟಾರಿನಂಥದ್ದನ್ನು ಬಳಿಯುತ್ತಾರೆ. ಹಿಮದ ಊರಿಗೆ ಹೋಗುವುದಾದರೆ ತಗಡು ಹೊಸದಾಗಿರುವಾಗಲೇ ಮಾಡಿಸಬೇಕು, ಮೊದಲ ಚಳಿಗಾಲ ಕಳೆದ ಮೇಲೆ ಬಳಿದರೆ ತುಕ್ಕು ಒಳಗೇ ಉಳಿಯುತ್ತದೆ. ಇಲ್ಲೇ ಇರುವುದಾದರೆ ಮುಟ್ಟಲೇಬಾರದು, ಏಕೆಂದರೆ ತೂತು ಕೊರೆದ ಕಾರಿಗೆ ತಯಾರಿಸಿದ ಕಂಪನಿ ಕೊಟ್ಟಿದ್ದ ಗ್ಯಾರಂಟಿ ಹೋದ ಹಾಗೆಯೇ. ಅಂಗಡಿಯವನು ಇಷ್ಟನ್ನೂ ಹೇಳಿ, “ನೀವು ಹೋಗ್ತೀರೋ ಇಲ್ಲೇ ಇರ್ತೀರೋ?” ಎಂದು ಇಂಗ್ಲಿಷಿನಲ್ಲಿ ಕೇಳಿದ. ಬೇರೆ ಯಾರಾದರೂ ಉತ್ತರಿಸಬಹುದಾದ ಪ್ರಶ್ನೆ. ಶಿವರಾಮು ಯೋಚಿಸಿ ಹೇಳುತ್ತೇನೆಂದು ಮನೆಗೆ ಬಂದರು.

ಆಮೇಲೆ ಅವರು ಕಂಡಕಂಡವರ ಅಭಿಪ್ರಾಯ ಕೇಳತೊಡಗಿದರು. ಕನ್ನಡ ಕೂಟದ ಯುಗಾದಿ ಊಟದಲ್ಲಿ, ಎಲ್ಲರ ಕೈಯಲ್ಲೂ ಒಬ್ಬಟ್ಟಿರುವಾಗ, ಇದೇ ಚರ್ಚೆ. ಮಿಶಿಗನ್ನಿನಲ್ಲಿ ಇದ್ದು ಬಂದವರು ಮಾಡಿಸಲೇಬೇಕೆಂದರು. ಹಿಮವನ್ನು ಕ್ಯಾಲೆಂಡರಿನಲ್ಲಿ ಮಾತ್ರ ಕಂಡವರು ಅದೆಲ್ಲ ಮೋಸವೆಂದು ಇನ್ನೂ ಜೋರಾಗಿ ಹೇಳಿದರು. ಶೇಷಾದ್ರಿ ಎಂಬ ಮಹಾನುಭಾವರು, ವರ್ಷವರ್ಷ ಎಣ್ಣೆ ಹೊಡೆಸಿದರೆ ಸಾಕು, ತೂತು ಕೊರೆದರೆ ಅಲ್ಲಿಂದಲೇ ತುಕ್ಕು ಶುರು ಎಂದು ಭಾಷಣ ಬಿಗಿದರು. ಶಿವರಾಮು ಎಲ್ಲರಿಗೂ ತಲೆಯಾಡಿಸಿದರು. ಒಬ್ಬರಾದರೂ ‘ನೀವು ಬಫಲೋಗೆ ಹೋಗಬೇಡಿ’ ಎಂದುಬಿಟ್ಟರೆ ಅದನ್ನೇ ಭಾವನಿಗೆ ದಾಟಿಸಬಹುದೆಂದು ಕಾಯುತ್ತಿದ್ದರೇನೋ. ಆದರೆ ಅವರು ಕೇಳಿದ್ದು ತುಕ್ಕಿನ ಮಾತು, ಜನ ಹೇಳಿದ್ದೂ ತುಕ್ಕಿನ ಮಾತೇ.

ಮನೆಗೆ ಬರುವಾಗ ಮೈಥಿಲಿ ನನ್ನೆದುರಿಗೇ ಅಂದಳು: “ಎಲ್ಲಾರನ್ನೂ ಕೇಳಿದ್ರಿ. ನನ್ನ ಮಾತ್ರ ಕೇಳ್ಲಿಲ್ಲ.”

“ನೀನೇನು ಹೇಳ್ತೀಯ ಅಂತ ನಂಗೆ ಗೊತ್ತಿದೆಯಲ್ಲ” ಎಂದರು ಶಿವರಾಮು.

“ಗೊತ್ತಿದ್ರೆ ಫೋನ್ ಮಾಡಿ ಹೇಳ್ರೀ.”

“ಹೇಳ್ತೀನಿ. ಈ ಭಾನುವಾರ ಹೇಳ್ತೀನಿ.”

ಭಾನುವಾರ ಬಂತು. ಭಾವ ಕೇಳಿದ್ದು, ರಸ್ಟ್‌ಪ್ರೂಫಿಂಗು ಮಾಡಿಸಿದೆಯಾ ಎಂದು. ಇನ್ನೂ ಇಲ್ಲ ಎಂದರೆ ಯಾಕೆ ಎನ್ನುತ್ತಾರೆ, ಯಾಕೆ ಎಂದರೆ ಬೇರೆಲ್ಲ ಹೇಳಬೇಕಾಗುತ್ತದೆ. ಆ ಸಂಕಟದಿಂದ ತಪ್ಪಿಸಿಕೊಳ್ಳಲು ಶಿವರಾಮು “ಆಗಿದೆ ಭಾವ” ಎಂದುಬಿಟ್ಟರು. ಅಲ್ಲಿಗೆ ಇದ್ದ ಒಂದು ದಾರಿಯೂ ಮುಚ್ಚಿತು. ಕಾರು ತಯಾರಾಗಿದೆ ಎಂದ ಮೇಲೆ ಭಾವ ತಮ್ಮ ಕಡೆಯ ತಯಾರಿ ಶುರುಮಾಡಿದರು. ಲ್ಯಾಬಿನಲ್ಲಿ ಕುರ್ಚಿ ಮೇಜು ಬಂತು. ಬೇಸ್‌ಮೆಂಟಿಗೆ ಹೊಸ ಕಾರ್ಪೆಟ್ಟು, ಹೊಸ ಮಂಚ. ಪ್ರತಿ ಭಾನುವಾರವೂ ಒಂದೊಂದು ಸುದ್ದಿ. ಶಿವರಾಮು ಸೊರಗಿಹೋದರು. ಒಂದು ದಿನ ಆಫೀಸಿಗೆ ರಜೆ ಹಾಕಿ ನೆವಾರ್ಕ್‌ನ ಆ ಅಂಗಡಿಯ ಗೇಟಿನವರೆಗೆ ಹೋದರಂತೆ, ಹೇಳಿದ ಸುಳ್ಳನ್ನು ನಿಜ ಮಾಡಲು. ಒಳಗೆ ಹೋದರೆ ಹೆಂಡತಿಗೆ ಏನು ಹೇಳುವುದು? ತಿರುಗಿಸಿಕೊಂಡು ಬಂದರು. ನನಗೆ ಅವರನ್ನು ಹಿಡಿದು ಜಾಡಿಸಬೇಕೆನಿಸುತ್ತಿತ್ತು, ಅಯ್ಯೋ ಪಾಪ ಎಂದೂ ಅನಿಸುತ್ತಿತ್ತು. ಮೈಥಿಲಿಯ ಮುಖ ನೋಡಿದರೆ ಪಾಪವೆಲ್ಲ ಹೋಗಿ ಬರೀ ಸಿಟ್ಟು ಉಳಿಯುತ್ತಿತ್ತು.

“ನೀನೇ ಹೇಳ್ಬಿಡೇ” ಎಂದೆ ಅವಳಿಗೆ.

“ಅವರ ಅಕ್ಕ, ಅವರ ಭಾವ. ಅವರು ಬಾಯಿ ಬಿಡದೆ ನಾನು ಹೇಳಿದ್ರೆ, ಹೆಂಡ್ತಿ ಬೇಡ ಅಂದ್ಳು ಅಂತ ಆಗತ್ತೆ. ಸಾಯೋವರೆಗೂ ಅದೇ ಉಳಿಯತ್ತೆ” ಎಂದಳು. ಅದೂ ಸುಳ್ಳಲ್ಲ. ನಮ್ಮವರು ನಡೆದುಕೊಳ್ಳುವುದೇ ಹಾಗೆ.

ಬೇಸಿಗೆಯಲ್ಲಿ ಭಾವ ಸ್ಯಾನ್ ಫ್ರಾನ್ಸಿಸ್ಕೋದ ಡಾಕ್ಟರುಗಳ ಸಮ್ಮೇಳನಕ್ಕೆಂದು ಬಂದಿಳಿದರು. ವಾಪಸು ಹೋಗುವಾಗ ಶಿವರಾಮು ಜೊತೆ ಕಾರಿನಲ್ಲೇ ಹೋಗುವುದು, ಮೈಥಿಲಿ ಸಾಮಾನು ಕಟ್ಟಿ ವಿಮಾನದಲ್ಲಿ ಬರುವುದು ಎಂದು ಎಲ್ಲವೂ ಅವರೇ ಗೊತ್ತು ಮಾಡಿದ್ದರು. ನಾನು ಯಾರೋ ದರ್ಪದ ಮನುಷ್ಯನನ್ನು ಊಹಿಸಿದ್ದೆ. ಬಂದವರು ನಗುಮುಖದ, ಮೆತ್ತನೆ ದನಿಯ ಹಿರಿಯರು. ಮೈಥಿಲಿಗೆ ಸೀರೆ, ನನಗೂ ಒಂದು ಡಬ್ಬಿ ಮೈಸೂರು ಪಾಕು ತಂದಿದ್ದರು. ಬೈಯುವುದಕ್ಕೆ ಒಂದು ಕಾರಣವನ್ನೂ ಕೊಡಲಿಲ್ಲ.

ಕಾಫಿಗೆ ಮುಂಚೆ ಕಾರು ನೋಡೋಣವೆಂದು ಕೆಳಗಿಳಿದರು. ನಾನೂ ಬಗ್ಗಿ ಬಾಲ್ಕನಿಯಿಂದ ನೋಡಿದೆ. ಬಾಗಿಲು ತೆಗೆದು ಅಂಚಿನ ಮೇಲೆ ಬೆರಳಾಡಿಸಿದರು. ಬಿರಡೆಗಳಿಲ್ಲ. ಒಂದು ರಟ್ಟು ಹಾಸಿಕೊಂಡು, ಆ ವಯಸ್ಸಿನಲ್ಲಿ, ಇಸ್ತ್ರಿ ಪ್ಯಾಂಟಿನಲ್ಲಿ ಮಲಗಿ ಕಾರಿನ ಅಡಿಗೆ ತಲೆ ತೂರಿಸಿದರು. ಶಿವರಾಮು ಕೈಕಟ್ಟಿ ನಿಂತಿದ್ದರು. ಭಾವ ಎದ್ದು ಧೂಳು ಕೊಡವಿಕೊಂಡರು. ಇಬ್ಬರೂ ಮೆಟ್ಟಿಲು ಹತ್ತಿದರು. ನನಗೆ ತಡೆಯಲಾಗದೆ ಸಕ್ಕರೆ ಕೇಳುವ ನೆಪದಲ್ಲಿ ಅವರ ಮನೆಗೆ ನುಗ್ಗಿದೆ.

ಭಾವ ಸೋಫಾದಲ್ಲಿ ಕೂತಿದ್ದರು. ಮೈಥಿಲಿ ಕಾಫಿಯ ತಟ್ಟೆ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

“ಶಿವರಾಮು, ಕೂತ್ಕೋ” ಎಂದರು ಭಾವ. ದನಿಯಲ್ಲಿ ಸಿಟ್ಟಿರಲಿಲ್ಲ. “ನೀನು ಮಾಡಿಸಿಲ್ಲ. ಮಾಡಿಸಿದೀನಿ ಅಂದೆ. ನಂಗೆ ಅರ್ಥ ಆಗತ್ತಪ್ಪ. ಇಲ್ಲೇ ಇರೋಕೆ ಇಷ್ಟ ಇದ್ರೆ ಹೇಳ್ಬಿಡು. ಲ್ಯಾಬಿಗೆ ಬೇರೆ ಯಾರನ್ನಾದ್ರೂ ನೋಡ್ತೀನಿ. ನಿಮ್ಮಕ್ಕನಿಗೂ ನಾನೇ ಹೇಳ್ತೀನಿ. ಖಂಡಿತ ಬೇಜಾರು ಮಾಡ್ಕೊಳಲ್ಲ.”

ಇಷ್ಟು ಸುಲಭವಾಗಿತ್ತು. ನಾಲ್ಕು ತಿಂಗಳು ಒಳಗೊಳಗೇ ಬೆಂದವರ ಮುಂದೆ ಆ ಮನುಷ್ಯ ಬಾಗಿಲನ್ನು ತಾವೇ ತೆರೆದು, ಪಕ್ಕಕ್ಕೆ ಸರಿದು ನಿಂತಿದ್ದರು. ‘ಹೌದು ಭಾವ’ ಎಂದರೆ ಮುಗಿಯಿತು. ಬೇಡ ಎನ್ನಬೇಕಾಗಿಯೂ ಇರಲಿಲ್ಲ.

“ಛೆ ಛೆ” ಎಂದರು ಶಿವರಾಮು. “ಹಾಗೇನಿಲ್ಲ ಭಾವ. ಕೆಲಸದ ಗಡಿಬಿಡೀಲಿ ಆಗ್ಲಿಲ್ಲ ಅಷ್ಟೆ. ನಾಳೇನೇ ಮಾಡಿಸ್ತೀನಿ.”

ಭಾವನ ಮುಖ ಅರಳಿತು. ಮೈಥಿಲಿ ಬಂದು ಲೋಟ ಇಟ್ಟು, “ಸಕ್ಕರೆ ಸಾಕಾ ನೋಡಿ ಅಣ್ಣ” ಎಂದಳು. ದನಿ ನೆಟ್ಟಗಿತ್ತು.

ಮಾರನೆಯ ದಿನ ಭಾವ, ಶಿವರಾಮು, ಮೈಥಿಲಿ ಸಮೇತ ಎಲ್ಲರೂ ನೆವಾರ್ಕ್‌ಗೆ ಹೊರಟೆವು. ಕಾರನ್ನು ಸಂಜೆಯವರೆಗೆ ಅಂಗಡಿಯಲ್ಲೇ ಬಿಡಬೇಕಿದ್ದರಿಂದ ವಾಪಸು ಕರೆತರಲು ನನ್ನ ಕಾರಿನಲ್ಲಿ ನಾನೂ ಹೋದೆ. ಅಂಗಡಿಯವನು ಡ್ರಿಲ್ಲು ಕೈಗೆತ್ತಿಕೊಂಡು, ಒಮ್ಮೆ ಕೊರೆದರೆ ಮತ್ತೆ ಮೊದಲಿನಂತೆ ಮಾಡಲಾಗದು, ನಿರ್ಧಾರ ಆಗಿದೆಯೇ ಎಂದ. ಶಿವರಾಮು ಭಾವನ ಕಡೆ ನೋಡಿದರು. ಆಮೇಲೆ ಹೆಂಡತಿಯ ಕಡೆ ನೋಡಿದರು. ಕೊನೆಯ ಗಳಿಗೆಯಲ್ಲಿ, ಪರರ ಮುಂದೆ, ಆ ಮಾತನ್ನು ಅವಳ ತಲೆಗೆ ಕಟ್ಟಿ ನಿಂತರು. ಅಂಗಡಿಯವನೂ ಅವಳ ಉತ್ತರಕ್ಕೇ ಕಾದ.

“ಯೆಸ್” ಎಂದಳು ಮೈಥಿಲಿ. “ಗೋ ಅಹೆಡ್.”

ಡ್ರಿಲ್ಲು ಶುರುವಾಯಿತು. ಆ ಸದ್ದನ್ನು ಕೇಳುತ್ತ ನಿಲ್ಲಲಾಗದೆ ನಾನು ಕಾರು ತೆಗೆದೆ. ಭಾವ ಮುಂದೆ ಕೂತರು, ಗಂಡ ಹೆಂಡತಿ ಹಿಂದೆ. ಕೊಲ್ಲಿಯ ಸೇತುವೆ ದಾಟಿದೆವು. ಆಮೇಲೆ ಶಿವರಾಮು ನಿಟ್ಟುಸಿರು ಬಿಟ್ಟರು. ಎಷ್ಟೋ ತಿಂಗಳ ಭಾರ ಇಳಿದವರ ನಿಟ್ಟುಸಿರು ಅದು.

“ನೋಡಿದ್ರಾ ಭಾವ” ಎಂದರು. “ಇವಳಿಗೂ ಇಷ್ಟ ಇತ್ತು. ನಾನೇ ಸುಮ್ನೆ, ಇವಳಿಗೆ ಇಷ್ಟ ಇಲ್ವೇನೋ ಅಂತ ಒದ್ದಾಡ್ತಿದ್ದೆ.”

ಕನ್ನಡಿಯಲ್ಲಿ ಮೈಥಿಲಿಯ ಮುಖ ಕಾಣುತ್ತಿತ್ತು. ಅವಳು ಗಂಡನ ಕಡೆ ತಿರುಗಲಿಲ್ಲ, ಅಳಲೂ ಇಲ್ಲ. ರಸ್ತೆಯನ್ನೇ ನೋಡುತ್ತಿದ್ದಳು.

“ಮುಂದಿನ ಎಕ್ಸಿಟ್ಟು ಸತ್ಯಾ” ಎಂದಳು. “ನನ್ನ ಡೇಕೇರ್ ಹತ್ರ ಇಳಿಸ್ಬಿಡು. ಕೆಲಸ ಬಿಡ್ತೀನಿ ಅಂತ ಹೇಳಿ ಬರ್ಬೇಕು.”